ಎದೆ ನೋವು ಬಂದರೆ ಇಲ್ಲೇ ತೋರಿಸಬೇಕೇ, ನೇರವಾಗಿ ಬೆಂಗಳೂರಿಗೇ ಹೋಗಬೇಕೇ?

ಸಕಲೇಶಪುರದ ಕಡೆ ಯಾವ ಮದುವೆ ಮನೆಗೆ ಹೋದರೂ ಎಲೆಯ ಮುಂದೆ ಕುಳಿತಾಗಲೇ ಯಾರಾದರೂ ಈ ಪ್ರಶ್ನೆ ಕೇಳುತ್ತಾರೆ. ನಾನು ಈ ಜಿಲ್ಲೆಯ ಒಂದು ಸಣ್ಣ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ವೈದ್ಯ. 2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳು ದಿನವೂ ಸುದ್ದಿಯಾದವಲ್ಲ, ಆಮೇಲಂತೂ ಕೇಳುವವರು ಹೆಚ್ಚಾದರು. ಜನ ನಸುಕಿನಲ್ಲೇ ಹೊರಟು ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದರು. ಹೃದಯಾಘಾತದ ಪ್ರಕರಣಗಳು ಅಸಹಜವಾಗಿ ಏರಿಲ್ಲ ಎಂದು ತಜ್ಞರ ಸಮಿತಿ ಜುಲೈನಲ್ಲಿ ವರದಿ ಕೊಟ್ಟಿತು. ಭಯ ಮಾತ್ರ ಇಳಿಯಲಿಲ್ಲ.

ನನ್ನ ಉತ್ತರ ಇಷ್ಟು: ಮೊದಲು ಹತ್ತಿರದಲ್ಲಿ ಇಸಿಜಿ ತೆಗೆಯುವ ಆಸ್ಪತ್ರೆಗೆ ಬನ್ನಿ. ಬೆಂಗಳೂರು ಆಮೇಲೆ.

ದೊಡ್ಡ ಹೃದಯಾಘಾತದಲ್ಲಿ ಹೃದಯಕ್ಕೆ ರಕ್ತ ಒಯ್ಯುವ ನಾಳವೊಂದನ್ನು ಹೆಪ್ಪು ಪೂರ್ತಿ ಮುಚ್ಚಿರುತ್ತದೆ. ಅದನ್ನು ತೆರೆಯುವವರೆಗೆ ಸ್ನಾಯು ಸಾಯುತ್ತಲೇ ಹೋಗುತ್ತದೆ. ತೆರೆಯಲು ಎರಡು ದಾರಿ: ಬಲೂನಿನಿಂದ ನಾಳ ಹಿಗ್ಗಿಸುವ ಆಂಜಿಯೋಪ್ಲಾಸ್ಟಿ ಮಾಡಿ ಸ್ಟೆಂಟ್ ಎಂಬ ಸಣ್ಣ ಜಾಲರಿ ಕೊಳವೆ ಹಾಕುವುದು, ಇಲ್ಲವೇ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುವುದು. ಬೇಗನೆ ಮಾಡಲು ಸಾಧ್ಯವಾದರೆ ಸ್ಟೆಂಟೇ ಮೇಲು, ಅದರಲ್ಲಿ ವಾದವಿಲ್ಲ. ಆದರೆ ತೋಟದ ಮಣ್ಣು ರಸ್ತೆಯಿಂದ ಹೊರಟು, ಹೆದ್ದಾರಿ ಹಿಡಿದು, ನೆಲಮಂಗಲದ ವಾಹನ ದಟ್ಟಣೆ ದಾಟುವ ಹೊತ್ತಿಗೆ ಐದು ಗಂಟೆ ಕಳೆದಿರುತ್ತದೆ.

ಈ ಪ್ರಶ್ನೆಯನ್ನೇ ಹಿಡಿದು ನಡೆದ ‘ಸ್ಟ್ರೀಮ್’ ಎಂಬ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ನೋವು ಶುರುವಾಗಿ ಮೂರು ಗಂಟೆಯೊಳಗೆ ಸಿಕ್ಕಿದ, ಆದರೆ ಒಂದು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಮಾಡಲಾಗದ 1,892 ರೋಗಿಗಳು ಅದರಲ್ಲಿದ್ದರು. ಅರ್ಧದಷ್ಟು ಜನರಿಗೆ ಸಿಕ್ಕಲ್ಲೇ ಟೆನೆಕ್ಟೆಪ್ಲೇಸ್ ಎಂಬ ಚುಚ್ಚುಮದ್ದು ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳುಹಿಸಿದರು. ಉಳಿದವರನ್ನು ನೇರವಾಗಿ ಆಂಜಿಯೋಪ್ಲಾಸ್ಟಿಗೆ ಒಯ್ದರು. ಸಾವು, ರಕ್ತದೊತ್ತಡ ಕುಸಿಯುವ ಆಘಾತ ಸ್ಥಿತಿ (ಶಾಕ್), ಹೃದಯ ವೈಫಲ್ಯ, ಮತ್ತೊಂದು ಹೃದಯಾಘಾತ ಇವೆಲ್ಲ ಸೇರಿ ಮೂವತ್ತು ದಿನಗಳಲ್ಲಿ ಮೊದಲ ಗುಂಪಿನಲ್ಲಿ ಶೇ 12.4, ಎರಡನೆಯದರಲ್ಲಿ ಶೇ 14.3. ಚುಚ್ಚುಮದ್ದೇ ಗೆದ್ದಿತು ಎನ್ನುವಷ್ಟು ದೊಡ್ಡ ಅಂತರವಲ್ಲ ಅದು, ಸೋಲಲಿಲ್ಲ ಎನ್ನುವುದಂತೂ ಖಚಿತ. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಸಮಯ. ನೋವಿನಿಂದ ಚಿಕಿತ್ಸೆಯವರೆಗೆ ಚುಚ್ಚುಮದ್ದಿನ ಗುಂಪಿಗೆ ಹಿಡಿದದ್ದು 100 ನಿಮಿಷ, ಇನ್ನೊಂದಕ್ಕೆ 178. ಅದೂ ಒಳ್ಳೆಯ ಆಂಬುಲೆನ್ಸ್ ವ್ಯವಸ್ಥೆ ಇರುವ ದೇಶಗಳಲ್ಲಿ!

ಈ ಮದ್ದಿಗೆ ಅಪಾಯವೂ ಇದೆ, ಮುಚ್ಚಿಡುವುದಿಲ್ಲ. ಮಿದುಳಿನಲ್ಲಿ ರಕ್ತಸ್ರಾವ ಚುಚ್ಚುಮದ್ದಿನ ಗುಂಪಿನಲ್ಲಿ ಶೇ 1ರಷ್ಟಿತ್ತು, ಇನ್ನೊಂದರಲ್ಲಿ ಶೇ 0.2. ಅಧ್ಯಯನದ ನಡುವೆಯೇ 75 ದಾಟಿದವರಿಗೆ ಪ್ರಮಾಣವನ್ನು ಅರ್ಧಕ್ಕೆ ಇಳಿಸಬೇಕಾಯಿತು. ಮೂರರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಜನರಿಗೆ ಮದ್ದು ಸಾಲದೆ ತುರ್ತಾಗಿ ಆಂಜಿಯೋಗ್ರಾಂ ಬೇಕಾಯಿತು. ಆದ್ದರಿಂದಲೇ ಚುಚ್ಚುಮದ್ದು ಕೊಟ್ಟು ‘ಆಯಿತು, ಮನೆಗೆ ಹೋಗಿ’ ಎನ್ನುವುದಿಲ್ಲ. ಆಂಬುಲೆನ್ಸ್‌ನಲ್ಲಿ ಮುಂದಕ್ಕೆ ಕಳುಹಿಸುತ್ತೇವೆ.

‘ಅದು ವಿದೇಶದ ಮಾತು’ ಎನ್ನುವವರಿಗೆ ನೆರೆಯ ತಮಿಳುನಾಡಿನ ಅನುಭವ ಹೇಳುತ್ತೇನೆ. ಅಲ್ಲಿ ಸಣ್ಣ ಆಸ್ಪತ್ರೆಗಳನ್ನು ದೊಡ್ಡವುಗಳಿಗೆ ಜೋಡಿಸಿ 2,420 ರೋಗಿಗಳನ್ನು ಗಮನಿಸಿದರು. ವರ್ಷದೊಳಗಿನ ಸಾವಿನ ಪ್ರಮಾಣ ಶೇ 17.6 ಇದ್ದದ್ದು ಶೇ 14.2ಕ್ಕೆ ಬಂತು. ನಮ್ಮ ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯೂ ಇದೇ ದಾರಿಯದು. ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ಹೃದ್ರೋಗ ತಜ್ಞರು ದೂರದಿಂದಲೇ ನೋಡುತ್ತಾರೆ, ಬೇಕೆಂದರೆ ಟೆನೆಕ್ಟೆಪ್ಲೇಸ್ ಉಚಿತವಾಗಿ ಸಿಗುತ್ತದೆ. ಇದು ತಿಳಿಯದೆ ಎಷ್ಟೋ ಕಾರುಗಳು ಆಸ್ಪತ್ರೆಯ ಗೇಟಿನ ಮುಂದೆಯೇ ಹಾದು ಹೋಗುತ್ತವೆ. ನನಗೆ ಸಂಕಟವಾಗುವುದು ಅಲ್ಲೇ.

ಒಂದು ಮಳೆಗಾಲದಲ್ಲಿ ಕಾಫಿ ತೋಟದ ಲೆಕ್ಕ ನೋಡುವ ರೈಟರೊಬ್ಬರನ್ನು ಮನೆಯವರು ಬೆಂಗಳೂರಿಗೆಂದೇ ಹೊರಡಿಸಿದ್ದರು. ದಾರಿಯಲ್ಲಿ ವಾಂತಿಯಾದದ್ದಕ್ಕೆ ನಮ್ಮಲ್ಲಿ ನಿಲ್ಲಿಸಿದರು. ಇಸಿಜಿ ನೋಡಿ ಚುಚ್ಚುಮದ್ದು ಕೊಟ್ಟೆವು. ಒಂದೂವರೆ ಗಂಟೆಯಲ್ಲಿ ನೋವು ಇಳಿಯಿತು, ಇಸಿಜಿಯಲ್ಲಿ ಮೇಲೆದ್ದಿದ್ದ ಗೆರೆಯೂ ಸಹಜ ಮಟ್ಟದ ಕಡೆಗೆ ಇಳಿಯಿತು. ಅಷ್ಟು ಹೊತ್ತೂ ಅವರ ಹೆಂಡತಿ ಕೇಳುತ್ತಿದ್ದದ್ದು ಒಂದೇ: “ಡಾಕ್ಟರೇ, ಆಕ್ಸಿಜನ್ ಯಾಕೆ ಹಾಕಿಲ್ಲ?” ಅವರ ರಕ್ತದಲ್ಲಿ ಆಮ್ಲಜನಕ ಶೇ 97 ಇತ್ತು. ಸ್ವೀಡನ್ನಿನಲ್ಲಿ 6,629 ಜನರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ರಮಾಣ ಶೇ 90 ಅಥವಾ ಅದಕ್ಕಿಂತ ಹೆಚ್ಚು ಇದ್ದವರಿಗೆ ಆಕ್ಸಿಜನ್ ಕೊಟ್ಟರೂ ಬಿಟ್ಟರೂ ವರ್ಷದೊಳಗಿನ ಸಾವು ಹೆಚ್ಚುಕಡಿಮೆ ಒಂದೇ ಆಗಿತ್ತು. ಅವರಿಗೆ ಆಗ ಇದನ್ನೆಲ್ಲ ಹೇಳಲು ಪುರುಸೊತ್ತಿರಲಿಲ್ಲ, ಕೈ ಹಿಡಿದು “ಬೇಕಾದರೆ ಖಂಡಿತ ಹಾಕುತ್ತೇವೆ ಅಮ್ಮ” ಎಂದೆ.

ಬರುವಾಗ ರೋಗಿಯೇ ಬೈಕ್ ಓಡಿಸಬಾರದು. 108ಕ್ಕೆ ಕರೆ ಮಾಡಿ. ಗ್ಯಾಸ್ಟ್ರಿಕ್ ಎಂದು ಜೀರಿಗೆ ಕಷಾಯ ಕುಡಿಸಿ ಬೆಳಗಿನವರೆಗೆ ಕಾಯಬೇಡಿ. ಬಂದ ತಕ್ಷಣ ನೋವು ಎಷ್ಟು ಗಂಟೆಗೆ ಶುರುವಾಯಿತೆಂದು ಹೇಳಿ. ಇತ್ತೀಚೆಗೆ ಪಾರ್ಶ್ವವಾಯು, ಆಪರೇಷನ್ ಅಥವಾ ರಕ್ತಸ್ರಾವ ಆಗಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳಿ, ಮಾತ್ರೆಯ ಚೀಟಿ ಜೊತೆಗಿರಲಿ. ಚುಚ್ಚುಮದ್ದು ಕೊಡಬಹುದೇ ಬೇಡವೇ ಎಂದು ನಾವು ತೀರ್ಮಾನಿಸುವುದು ಅದರ ಮೇಲೆಯೇ.