ಬ್ಯಾಗಿನಲ್ಲೇ ಉಳಿದಿದ್ದ ಕಿರುಪ್ರಬಂಧ

ಸಮಾಜಶಾಸ್ತ್ರ ಎಂ.ಎ. ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿಯ ಮಾತು ಬಂದಾಗಲೆಲ್ಲ ನಮ್ಮ ವಿಭಾಗದಲ್ಲಿ ‘ಅವಳಿಗೆ ಓದಿನಲ್ಲಿ ಆಸಕ್ತಿಯೇ ಇಲ್ಲ’ ಎಂದೇ ಮುಗಿಯುತ್ತಿತ್ತು. ಹಾಜರಾತಿ ಕಡಿಮೆ, ಸೆಮಿನಾರ್ ದಿನ ಗೈರು, ಕಿರುಪ್ರಬಂಧದ ಒಂದು ಅಧ್ಯಾಯವೂ ನನ್ನ ಕೈಸೇರಿರಲಿಲ್ಲ. ಸಲ್ಲಿಕೆಯ ದಿನ ಹತ್ತಿರ ಬಂದಾಗ, ಬರೆದದ್ದು ಎಷ್ಟಿದ್ದರೆ ಅಷ್ಟನ್ನೇ ತಗೊಂಡು ಬಾ ಎಂದು ಹೇಳಿಕಳಿಸಿದೆ.

ಬ್ಯಾಗ್ ತುಂಬ ಹಾಳೆ ತಂದಳು. ಬಹುಪಾಲು ಪೀಠಿಕೆಯ ಮೊದಲ ಪುಟವೇ, ಮತ್ತೆ ಮತ್ತೆ ಬರೆದದ್ದು. ಒಂದು ವಾಕ್ಯಕ್ಕೆ ವೈಟ್ನರ್ ಬಳಿದು, ಅದು ಒಣಗಿದ ಮೇಲೆ ಅದೇ ವಾಕ್ಯವನ್ನು ತಿರುಗಿ ಬರೆದಿದ್ದಳು. ಅಂಚಿನಲ್ಲಿ ಪೆನ್ಸಿಲ್ಲಿನಿಂದ ‘ವೈವಾದಲ್ಲಿ ಇದನ್ನು ಕೇಳಿದರೆ?’ ಅಡಿಯಲ್ಲಿ ಕ್ಷೇತ್ರಕಾರ್ಯದ ನೋಟ್‌ಬುಕ್ ಇತ್ತು. ಕುರಿ ಮಂದೆಯ ಜೊತೆ ಊರೂರು ಅಲೆಯುವ ಕುಟುಂಬಗಳ ಮಕ್ಕಳ ಶಾಲೆ ಅವಳ ವಿಷಯ. ಯಾವ ಮಗು ಯಾವ ತಿಂಗಳು ಶಾಲೆ ಬಿಟ್ಟಿತು, ಯಾಕೆ, ವಾಪಸ್ ಬಂದಾಗ ಪಾಠ ಎಲ್ಲಿಗೆ ಬಂದಿತ್ತು, ಎಲ್ಲ ದಾಖಲಾಗಿತ್ತು. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ಆ ತರಗತಿಯಲ್ಲಿ ಬೇರೆ ಯಾರೂ ಮಾಡಿರಲಿಲ್ಲ.

“ಇಷ್ಟೆಲ್ಲ ಇಟ್ಕೊಂಡು ಯಾಕಮ್ಮ ತೋರಿಸಲಿಲ್ಲ?”

“ಸರಿಹೋದ ಮೇಲೆ ತೋರಿಸೋಣ ಅಂತ, ಮೇಡಂ. ರಾತ್ರಿ ಬರೀತೀನಿ, ಬೆಳಿಗ್ಗೆ ಓದಿದ್ರೆ ಯಾವುದೂ ಸರಿ ಅನ್ಸಲ್ಲ. ಊರಲ್ಲಿ ಎಲ್ರೂ ನನ್ನನ್ನೇ ನೋಡ್ತಿದಾರೆ.”

ಹೆವಿಟ್ ಮತ್ತು ಫ್ಲೆಟ್ ಎಂಬ ಮನಃಶಾಸ್ತ್ರಜ್ಞರು 1991ರಲ್ಲಿ ಪರಿಪೂರ್ಣತೆಯ ಗೀಳನ್ನು ಮೂರು ಬಗೆಯಾಗಿ ವಿಂಗಡಿಸಿದ್ದರು: ತನ್ನಿಂದ ತಾನೇ ಬಯಸುವುದು, ಇತರರಿಂದ ಬಯಸುವುದು, ಲೋಕವೇ ತನ್ನಿಂದ ಬಯಸುತ್ತಿದೆ ಎಂದು ನಂಬುವುದು. ಅಮೆರಿಕ, ಕೆನಡಾ, ಬ್ರಿಟನ್ನಿನ ನಲವತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ 1989–2016ರ ಅಂಕಿಅಂಶಗಳನ್ನು ಕರ್ರನ್ ಮತ್ತು ಹಿಲ್ ಎಂಬ ಸಂಶೋಧಕರು ಒಟ್ಟುಗೂಡಿಸಿ ನೋಡಿದಾಗ, ಅತಿ ಹೆಚ್ಚು ಏರಿದ್ದು ಈ ಮೂರನೆಯದೇ. ನಮ್ಮ ಮಕ್ಕಳು ಆ ಲೆಕ್ಕದಲ್ಲಿಲ್ಲ. ಆದರೆ ಮನೆಯಲ್ಲಿ ಮೊದಲ ಬಾರಿಗೆ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ ಹುಡುಗಿಯ ಹೆಗಲ ಮೇಲೆ ಆ ಭಾರ ಎಷ್ಟಿರುತ್ತದೆ ಎಂಬುದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಪೀಠಿಕೆಯನ್ನು ಪಕ್ಕಕ್ಕಿಡಿಸಿದೆ. ಆ ಮಕ್ಕಳ ಬಗ್ಗೆ ಹೇಳು ಎಂದೆ. ಹೇಳುತ್ತ ಹೇಳುತ್ತ ಅವಳ ದನಿ ಗಟ್ಟಿಯಾಯಿತು. ಹೇಳಿದ್ದನ್ನೇ ಅಲ್ಲೇ ಕೂತು, ತಿದ್ದದೆ ಬರೆಯಲು ಹೇಳಿದೆ. ಸಂಜೆ ಹೊತ್ತಿಗೆ ಮೂರನೇ ಅಧ್ಯಾಯದ ಕರಡು ನನ್ನ ಮೇಜಿನ ಮೇಲಿತ್ತು. ಒರಟಾಗಿತ್ತು, ಆದರೆ ಜೀವವಿತ್ತು.

ಮುಂದಿನ ಸಭೆಯಲ್ಲಿ ಆ ನೋಟ್‌ಬುಕ್ಕನ್ನು ಎಲ್ಲರಿಗೂ ತೋರಿಸಿದೆ. ಹದಿನೈದು ದಿನಕ್ಕೊಮ್ಮೆ ಹಸಿ ಕರಡನ್ನೇ ತರಿಸೋಣ, ಅದಕ್ಕೆ ಅಂಕ ಬೇಡ ಎಂದು ಕೇಳಿದೆ. ಅಂಕವಿಲ್ಲದಿದ್ದರೆ ಯಾರು ತರುತ್ತಾರೆ ಎಂದು ಒಬ್ಬರು ಆಕ್ಷೇಪಿಸಿದರು. ಅಂಕದ ಭಯಕ್ಕೇ ತರದವರೂ ಇದ್ದಾರೆ ಎಂದೆ. ಒಂದು ಸೆಮಿಸ್ಟರ್ ಮಟ್ಟಿಗೆ ನೋಡೋಣ ಎಂದು ಒಪ್ಪಿದ್ದಾರೆ.