ಬೆಟಗೇರಿಯ ನಮ್ಮ ಆಯಿ ಮತ್ತು 88ನೇ ಕೀರ್ತನೆ

ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ತೀರಿಕೊಂಡ ಮೇಲೆ ನಮ್ಮ ಕ್ರೈಸ್ತ ಸಭೆಯ ಸ್ಮರಣೆ ಕೂಟಕ್ಕೆ ಒಂದು ಪುಟ ಬರೆದುಕೊಡು ಅಂತ ನನಗೆ ಹೇಳಿದ್ದರು. ಬರೆದುಕೊಟ್ಟೆ. ಹುಟ್ಟಿದ ಊರು, ಮದುವೆ, ಮಕ್ಕಳು ಮೊಮ್ಮಕ್ಕಳು, ಸ್ತ್ರೀಯರ ಅನ್ಯೋನ್ಯ ಕೂಟದಲ್ಲಿ ಮಾಡಿದ ಸೇವೆ, ಎಲ್ಲಾ ಬಂತು. ‘ಭಕ್ತಿವಂತೆ, ತಾಳ್ಮೆಯುಳ್ಳವರು’ ಅಂತಲೂ ಬಂತು. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಮನೆಯವರು ನಮಗೆ ಗೊತ್ತಿದ್ದ ಆಯಿ ಆ ಪುಟದಲ್ಲಿ ಇರಲಿಲ್ಲ. ಆಯಿ ದೇವರ ಜೊತೆ ಜಗಳ ಆಡಿದವಳು, ಅದೂ ಬಹಳ ದಿನ. ಅವಳು ಮುಂದೆ ಮಾಡಿದ್ದೆಲ್ಲ ಆ ಜಗಳದಿಂದಲೇ ಬಂತು ಅಂತ ನನ್ನ ನಂಬಿಕೆ. ಅದನ್ನು ಇಲ್ಲಿ ಬರೆದಿಡುತ್ತೇನೆ.

ಆಯಿಯ ತವರು ಗುಳೇದಗುಡ್ಡ. ಖಣ ನೇಯುವ ಮನೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಬಂದು, 1837ಕ್ಕೆ ಧಾರವಾಡ, ಆಮೇಲೆ ಹುಬ್ಬಳ್ಳಿ, 1841ಕ್ಕೆ ಗದಗಿನ ಪಕ್ಕದ ಬೆಟಗೇರಿ, 1851ಕ್ಕೆ ಗುಳೇದಗುಡ್ಡ ಅಂತ ಒಂದೊಂದೇ ಊರು ಹಿಡಿದು ಬಂದರಲ್ವಾ, ಹಾಗೆ ಬಂದ ಸಭೆಗೆ ಸೇರಿದ ನೇಕಾರರು ನಮ್ಮವರು. 1914ರ ಯುದ್ಧ ಶುರುವಾದ ಮೇಲೆ ಆ ಮಿಶನ್‌ನ ಜರ್ಮನ್ ಮಿಶನರಿಗಳು ಇಲ್ಲಿಂದ ಹೋಗಬೇಕಾಯಿತು. ಸಭೆಗಳ ಭಾರ ಇಲ್ಲಿಯವರ ಹೆಗಲಿಗೆ ಬಂತು. ನಮ್ಮ ಮುತ್ತಜ್ಜ ಹಗಲೆಲ್ಲ ಮಗ್ಗದ ಮುಂದೆ, ಭಾನುವಾರ ಸಂಡೆ ಸ್ಕೂಲ್ ಮಕ್ಕಳ ಮುಂದೆ.

ಮುತ್ತಜ್ಜನಿಗೆ ಉತ್ತಂಗಿ ಚನ್ನಪ್ಪನವರೆಂದರೆ ಪ್ರಾಣ. ಅವರು ಬಾಸೆಲ್ ಮಿಶನ್ ಸಭೆಯ ಪಾದ್ರಿ. ಪಾದ್ರಿಯಾಗಿದ್ದುಕೊಂಡೇ ಸರ್ವಜ್ಞನ ತ್ರಿಪದಿಗಳನ್ನು ಹುಡುಕಿ ಕೂಡಿಸಿ 1924ರಲ್ಲಿ ಪುಸ್ತಕ ಮಾಡಿದರು. 1949ರಲ್ಲಿ ಗುಲ್ಬರ್ಗದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಹಾಗಾಗಿ ಆಯಿಯ ಬಾಯಲ್ಲಿ ಸಣ್ಣಂದಿನಿಂದಲೇ ಬೈಬಲ್ಲಿನ ದಾವೀದನ ಕೀರ್ತನೆಯೂ ಇತ್ತು, ಸರ್ವಜ್ಞನೂ ಇದ್ದ. ಒಂದು ನಮ್ಮದು, ಇನ್ನೊಂದು ಬೇರೆಯವರದು ಅಂತ ಅವಳಿಗೆ ಯಾವತ್ತೂ ಅನ್ನಿಸಿದ್ದಿಲ್ಲ. ನಮ್ಮನ್ನು ಹೊರಗಿನವರು ಅಂತ ಯಾರಾದರೂ ಅಂದಾಗ ನನಗೆ ಮೊದಲು ನೆನಪಾಗುವುದು ರೊಟ್ಟಿ ಬಡಿಯುತ್ತಾ ತ್ರಿಪದಿ ಹೇಳುತ್ತಿದ್ದ ಆಯಿಯ ದನಿ.

ಮದುವೆಯಾಗಿ ಬೆಟಗೇರಿಗೆ ಬಂದಳು. ಅಜ್ಜ ಶಾಲೆ ಮಾಸ್ತರರು. ಎರಡನೇ ಮಗ, ಅಂದರೆ ನನ್ನ ಕಾಕಾ, ಏಳು ವರ್ಷದವನಿದ್ದಾಗ ಮೆದುಳು ಜ್ವರ ಬಂದು ತೀರಿಹೋದ.

ಆಯಿ ಪ್ರಾರ್ಥನೆ ನಿಲ್ಲಿಸಿಬಿಟ್ಟಳು. ದೇವರೇ ಇಲ್ಲ ಅಂತ ಅವಳು ಅನ್ನಲಿಲ್ಲ. ‘ದೇವರ ಜೋಡಿ ನಂದು ಮಾತಿಲ್ಲ’ ಅಂದಳು. ಭಾನುವಾರ ಬೆಳಿಗ್ಗೆ ಅಜ್ಜ ಮಕ್ಕಳನ್ನು ಕರೆದುಕೊಂಡು ಗುಡಿಗೆ (ಚರ್ಚಿಗೆ ನಾವು ಹಾಗೇ ಅನ್ನುವುದು) ಹೋದರೆ ಇವಳು ಬಾಗಿಲು ಹಾಕಿಕೊಂಡು ಮನೆಯಲ್ಲೇ ಇರುತ್ತಿದ್ದಳಂತೆ. ಸಭೆಯಲ್ಲಿ ಗುಸುಗುಸು ಶುರುವಾಯಿತು, ಆಗದೇ ಇರುತ್ತದೆಯೇ? ಒಬ್ಬರು ಮನೆಗೇ ಬಂದು ‘ಎಲ್ಲಾ ದೇವರ ಚಿತ್ತ ತಂಗಿ’ ಅಂದಾಗ ಆಯಿ ಎದ್ದು ಒಳಗೆ ಹೋದವಳು ಅವರು ಹೋಗುವ ತನಕ ಹೊರಗೆ ಬರಲಿಲ್ಲ. ಆದರೆ ಅನ್ಯೋನ್ಯ ಕೂಟದ ಕೆಲವು ಹೆಂಗಸರು ಉಪದೇಶ ಮಾಡುವ ಗೋಜಿಗೇ ಹೋಗಲಿಲ್ಲ. ಸುಮ್ನೆ ಬರುತ್ತಿದ್ದರು. ಜೋಳ ಹಸನು ಮಾಡಿಕೊಡುತ್ತಿದ್ದರು, ಕಾಯಿಪಲ್ಯ ಹೆಚ್ಚುತ್ತಿದ್ದರು, ಹೊತ್ತು ಮುಳುಗಿದ ಮೇಲೆ ಎದ್ದು ಹೋಗುತ್ತಿದ್ದರು. ಅವರ ಹೆಸರು ಯಾವ ಸಭೆಯ ದಾಖಲೆಯಲ್ಲೂ ಇರಲಿಕ್ಕಿಲ್ಲ. ನಮ್ಮ ಮನೆ ಉಳಿದದ್ದು ಅವರಿಂದ.

ಆಗ ಇದ್ದ ಪಾದ್ರಿ ಅಯ್ಯನವರಿಗೆ ವಯಸ್ಸಾಗಿತ್ತು. ಒಂದು ದಿನ ಮನೆಗೆ ಬಂದು ಕಟ್ಟೆಯ ಮೇಲೆ ಕೂತು ಚಹಾ ಕುಡಿದು, ಹೋಗುವಾಗ ಇಷ್ಟೇ ಹೇಳಿದರಂತೆ: ‘ಸಿಟ್ಟು ಬಂದಿದ್ರ ಆತನ ಮುಂದ ಹೇಳವ್ವಾ. ಮಾತು ಬಾರದಿದ್ರ 88ನೇ ಕೀರ್ತನಿ ಓದು.’

ಬೈಬಲ್ಲಿನಲ್ಲಿ ಅಳಲಿನ ಕೀರ್ತನೆಗಳು ಬಹಳ ಇವೆ. ಸಾಮಾನ್ಯವಾಗಿ ಅವು ಅಳುತ್ತಾ ಶುರುವಾದರೂ ಕೊನೆಗೆ ಎಲ್ಲೋ ಒಂದು ಕಡೆ ತಿರುಗುತ್ತವೆ, ದೇವರು ಕೇಳಿದ, ಕಾಪಾಡುತ್ತಾನೆ ಅನ್ನುವ ಭರವಸೆಗೆ ಬರುತ್ತವೆ. 88ನೆಯದು ತಿರುಗುವುದೇ ಇಲ್ಲ. ಹಗಲೂ ರಾತ್ರಿ ಕೂಗಿಕೊಂಡೆ, ನನ್ನಿಂದ ಮುಖ ಯಾಕೆ ಮರೆಮಾಡುತ್ತೀ, ನನ್ನವರನ್ನೆಲ್ಲ ದೂರ ಮಾಡಿದೆಯಲ್ಲಾ ಅಂತ ಕೇಳಿ ಕೇಳಿ ಕತ್ತಲೆಯಲ್ಲೇ ಮುಗಿದುಬಿಡುತ್ತದೆ. ಸಮಾಧಾನದ ಒಂದು ಮಾತೂ ಇಲ್ಲ. ಇಂಥದ್ದನ್ನೂ ದೇವರ ವಾಕ್ಯ ಅಂತ ಇಟ್ಟುಕೊಂಡಿದ್ದಾರಲ್ಲಾ ಅಂತ ಆಯಿಗೆ ಆಶ್ಚರ್ಯ. ರಾತ್ರಿ ಎಲ್ಲರದೂ ಊಟ ಆದ ಮೇಲೆ ಅದನ್ನು ಗಟ್ಟಿಯಾಗಿ, ಬಯ್ಯುವ ದನಿಯಲ್ಲೇ ಓದುತ್ತಿದ್ದಳು ಅಂತ ಅಪ್ಪ ಹೇಳುತ್ತಾರೆ. ಅವಳ ಬೈಬಲ್ ಈಗ ನನ್ನ ಹತ್ತಿರ ಇದೆ. ಬೆನ್ನು ಸಡಿಲಾಗಿದೆ, ಕೈಬಿಟ್ಟರೆ ತಾನಾಗಿ ಆ ಪುಟಕ್ಕೇ ತೆರೆದುಕೊಳ್ಳುತ್ತದೆ. ಬೆರಳಿಟ್ಟ ಅಂಚು ಕಂದಾಗಿ, ಜೋಳದ ಹಿಟ್ಟಿನ ಕೈ ತಾಗಿ ಒರಟಾಗಿದೆ. ‘ಯೆಹೋವನು ನನಗೆ ಕುರುಬನು’ ಅನ್ನುವ 23ನೇ ಕೀರ್ತನೆಯ ಪುಟ ಮಾತ್ರ ಹೊಸದರಂತೆ ಇದೆ, ಅದು ಅವಳಿಗೆ ಬಾಯಿಪಾಠ ಇತ್ತು.

ಗುಡಿಗೆ ಯಾವಾಗ ವಾಪಸ್ ಹೋದಳು ಅಂತ ಯಾರಿಗೂ ಸರಿಯಾಗಿ ನೆನಪಿಲ್ಲ. ಒಂದು ಭಾನುವಾರ ಹೋಗಿ ಹಿಂದಿನ ಸಾಲಿನಲ್ಲಿ ಕೂತಳಂತೆ, ಅಷ್ಟೇ. ದೇವರು ನನಗೆ ಹೀಗೆ ಮಾಡಿದ ಅಂತ ಎಲ್ಲರೆದುರು ಸಾಕ್ಷಿ ಹೇಳಲಿಲ್ಲ, ಮುಂದೆ ಬಂದು ಮಾತಾಡಲಿಲ್ಲ.

ಆಮೇಲೆ ಶುರುವಾದದ್ದು ಆಸ್ಪತ್ರೆ. ಬೆಟಗೇರಿಯ ಮಿಶನ್ ಆಸ್ಪತ್ರೆಯನ್ನು ನಮ್ಮ ಕಡೆ ಹಳಬರು ಈಗಲೂ ಜರ್ಮನ್ ಆಸ್ಪತ್ರೆ ಅಂತಲೇ ಕರೆಯುತ್ತಾರೆ. ಗುರುವಾರ ಗುರುವಾರ ಆಯಿ ಅಲ್ಲಿನ ಹೆರಿಗೆ ವಾರ್ಡಿಗೆ ಹೋಗುತ್ತಿದ್ದಳು. ರೋಣ, ಮುಂಡರಗಿ ಕಡೆ ಹಳ್ಳಿಗಳಿಂದ ಬಂದ ಬಾಣಂತಿಯರು, ಜೊತೆಗೆ ಬಂದ ತಾಯಿಯೋ ಅತ್ತೆಯೋ ಊಟಕ್ಕೆ ಪರದಾಡುವುದು. ಆಯಿ ಜೋಳದ ನುಚ್ಚು, ಅಳವಿ ಪಾಯಸ, ಒಮ್ಮೊಮ್ಮೆ ಅಂಟಿನ ಉಂಡಿ ಮಾಡಿ ಒಯ್ಯುತ್ತಿದ್ದಳು. ದುಡ್ಡು ಜಾಸ್ತಿ ಇರಲಿಲ್ಲ. ಕೂಟದ ಹೆಂಗಸರು ದಿನಾ ಅಡಿಗೆಗೆ ತೆಗೆಯುವಾಗ ಒಂದೊಂದು ಹಿಡಿ ಎತ್ತಿಟ್ಟ ಅಕ್ಕಿ, ಜೋಳ ಇದಕ್ಕೇ ಹೋಗುತ್ತಿತ್ತು.

ರಜೆಯಲ್ಲಿ ನಾನೂ ತಂಬಿಗೆ ಹಿಡಿದುಕೊಂಡು ಅವಳ ಹಿಂದೆ ಹೋಗಿದ್ದೇನೆ. ಒಂದು ಸಲ ಮೂಲೆಯ ಮಂಚದಲ್ಲಿ ಒಬ್ಬ ಹೆಂಗಸು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕೂಸು ಉಳಿದಿರಲಿಲ್ಲ. ಮುಸಲ್ಮಾನರ ಮನೆಯವಳು, ಜೊತೆಗೆ ವಯಸ್ಸಾದ ತಾಯಿ. ಆಯಿ ಏನನ್ನೂ ಕೇಳಲಿಲ್ಲ. ಮಂಚದ ತುದಿಗೆ ಕೂತು, ಬಹಳ ಹೊತ್ತಾದ ಮೇಲೆ ಅವಳ ಸಿಕ್ಕುಗಟ್ಟಿದ ಕೂದಲು ಬಿಡಿಸಿ, ಎಣ್ಣೆ ಹಚ್ಚಿ, ಬಾಚಿ ಹೆಳಲು ಹಾಕಿದಳು. ಆ ಹೆಂಗಸು ಅತ್ತಳು. ಆಯಿಯೂ ಅತ್ತಳು. ಹೊರಡುವಾಗ ‘ಮುಂದಿನ ಗುರುವಾರ ಬರ್ತೀನಿ’ ಅಂದಳು, ಅದೊಂದೇ ಮಾತು.

ವಾರ್ಡಿನಲ್ಲಿ ಯೇಸುವಿನ ಸುವಾರ್ತೆಯ ಮಾತೇ ಆಡುವುದಿಲ್ಲ ಅಂತ ಸಭೆಯಲ್ಲಿ ಕೆಲವರಿಗೆ ಅಸಮಾಧಾನ ಇತ್ತು. ‘ಆಕಿಗೆ ಈಗ ಬೇಕಾದ್ದು ಗಂಜಿ’ ಅನ್ನುತ್ತಿದ್ದಳು ಆಯಿ. ನಾನು ಪೂರ್ತಿ ಆಯಿಯ ಕಡೆ. ದುಃಖದಲ್ಲಿ ಬಿದ್ದವರ ತಲೆಯ ಹತ್ತಿರ ನಿಂತು ಪಾಠ ಹೇಳುವುದು ಕರುಣೆ ಅಲ್ಲ, ಅದು ಅವಳಿಗೆ ತಾನೇ ಅನುಭವಿಸಿ ಗೊತ್ತಾಗಿತ್ತು.

ಇದರ ನಡುವೆಯೇ ಉಳಿದ ಸಂಸಾರವೂ ನಡೆಯಿತು. ಮಕ್ಕಳ ಓದು, ಮದುವೆ, ಅಜ್ಜನ ಸಕ್ಕರೆ ಕಾಯಿಲೆ. ಕ್ರಿಸ್‌ಮಸ್‌ಗೆ ಓಣಿಯ ಮನೆಮನೆಗೆ ಕರ್ಚಿಕಾಯಿ, ಶಂಕರಪೋಳಿ ಹೋಗುತ್ತಿತ್ತು. ಸಂಕ್ರಾಂತಿಗೆ ಅದೇ ತಟ್ಟೆಗಳಲ್ಲಿ ಕುಸುರೆಳ್ಳು ಬರುತ್ತಿತ್ತು.

ಕೊನೆಗೆ ಹಾಸಿಗೆ ಹಿಡಿದಾಗ ಆಯಿ ಅಪ್ಪನಿಗೆ ಒಂದೇ ಮಾತು ಹೇಳಿದ್ದಳು, ಮಣ್ಣಿನ ದಿನ 88ನೆಯದನ್ನೂ ಓದಿಸು ಅಂತ. ಈಗಿನ ಪಾದ್ರಿ ಸಣ್ಣ ವಯಸ್ಸಿನವರು, ಕೇಳಿ ಸ್ವಲ್ಪ ಹಿಂಜರಿದರು. ಅಷ್ಟು ಕತ್ತಲೆಯ ಕೀರ್ತನೆ ಯಾಕೆ, ಜನ ಏನು ತಿಳಿದುಕೊಳ್ಳುತ್ತಾರೋ ಅಂದರು. ಅಪ್ಪ ಬಿಡಲಿಲ್ಲ. ಓಣಿಯ ಲಿಂಗಾಯತರು, ಮುಸಲ್ಮಾನರು, ಭಜನೆ ಮಂಡಳಿಯವರು ಎಲ್ಲಾ ನಿಂತಿದ್ದರು. ಪಾದ್ರಿ ಮೊದಲು 23 ಓದಿದರು, ಆಮೇಲೆ 88. ಓದು ಮುಗಿದ ಮೇಲೆ ನನಗೆ ಗುರುತಿಲ್ಲದ ಒಬ್ಬ ಹೆಂಗಸು ಬಂದು ಅಮ್ಮನ ಕೈ ಹಿಡಿದುಕೊಂಡು, ಎರಡನೆಯದು ಯಾವುದು, ಎಲ್ಲಿ ಸಿಗುತ್ತದೆ ಅಂತ ಕೇಳಿದರು.

ಗುರುವಾರದ ವಾರ್ಡು ಈಗ ಅಮ್ಮ ಮತ್ತು ಕೂಟದ ಇನ್ನಿಬ್ಬರು ನೋಡಿಕೊಳ್ಳುತ್ತಿದ್ದಾರೆ. ನಿಮ್ಮ ಮನೆಯವರು ಯಾರಾದರೂ ಹಿಂದೆ ಅಲ್ಲಿ ಹೆರಿಗೆಗೆ ಇದ್ದಿದ್ದರೆ ಆಯಿಯನ್ನು ನೋಡಿರಬಹುದು. ಹಸಿರು ಇಳಕಲ್ ಸೀರೆ, ಕೈಯಲ್ಲಿ ಮುಚ್ಚಳದ ಹಿತ್ತಾಳೆ ತಂಬಿಗೆ, ಮಾತು ಕಡಿಮೆ. ನೆನಪಿದ್ದರೆ ಎರಡು ಸಾಲು ಬರೆದು ಕಳಿಸಿ, ಅಪ್ಪನಿಗೆ ಓದಿ ಹೇಳುತ್ತೇನೆ.