ಕಪ್ಪು ಕಾರ್ಡ್ ಯಾರಿಗೆ?

ಸೋಮವಾರ ರಾತ್ರಿ ನೆನೆಹಾಕಿದ ಅವರೆಕಾಳು ಹಿತಕುತ್ತಾ ಕೂತಿದ್ದಾಗ ಅಕ್ಕನ ಮಗಳು ಕೇಳಿದಳು: "ಚಿಕ್ಕಮ್ಮ, ನಿನ್ನ ಕಪ್ಪು ಕಾರ್ಡ್ ಯಾರಿಗೆ?"

ಯೋಚನೆಯನ್ನೇ ಮಾಡದೆ "ಇನ್ಯಾರಿಗೆ, ನಿಮ್ಮ ಚಿಕ್ಕಪ್ಪನಿಗೆ" ಅಂದೆ. ಅವಳು ಒಂದು ಕಾಳನ್ನು ಸಿಪ್ಪೆಯಿಂದ ಪಿಚಕ್ಕನೆ ಬಟ್ಟಲಿಗೆ ಹಾರಿಸಿ ನಕ್ಕಳು. "ಚಿಕ್ಕಪ್ಪ ಜಿರಳೆ ಕಂಡ್ರೆ ನಿನ್ನನ್ನ ಕೂಗ್ತಾರೆ. ಅವರ ಕೈಲಾಗತ್ತಾ?"

ಒಳಗೆ ಟೀವಿ ನೋಡುತ್ತಿದ್ದ ಚಿಕ್ಕಪ್ಪನಿಗೆ ಇದು ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಕೇಳಿಸಿದ್ದರೂ ಅವರು ಎದ್ದು ಬರುವವರಲ್ಲ. ಇವತ್ತು ಶುಕ್ರವಾರ. ಅವರೆಕಾಳು ಸಾರಾಗಿ, ಮಾರನೇ ದಿನ ಬಿಸಿ ಮಾಡಿದ ಸಾರಾಗಿ, ಮುಗಿದೂ ಹೋಯಿತು. ಆ ಪ್ರಶ್ನೆ ಮಾತ್ರ ಉಳಿದುಕೊಂಡಿದೆ. ಬಸ್ಸಿನಲ್ಲಿ, ಆಫೀಸಿನ ಕ್ಯಾಂಟೀನಿನಲ್ಲಿ, ರಾತ್ರಿ ಮೋಟಾರ್ ಆಫ್ ಮಾಡಲು ಮೆಟ್ಟಿಲಿಳಿಯುವಾಗ, "ನಿನ್ನ ಕಪ್ಪು ಕಾರ್ಡ್ ಯಾರಿಗೆ?"

ನೊರಿಹಿರೊ ಯಾಗಿಯ 'ಕ್ಲೇಮೋರ್' ಮಾಂಗಾ, ಅಂದರೆ ಜಪಾನಿನ ಚಿತ್ರಕಥೆ, ಓದಿದವರಿಗೆ ಇದು ಗೊತ್ತು. ಗೊತ್ತಿಲ್ಲದವರಿಗೆ ಸ್ವಲ್ಪದರಲ್ಲಿ ಹೇಳಿಬಿಡುತ್ತೇನೆ. ಮನುಷ್ಯರ ಕರುಳು ತಿನ್ನುವ ಯೋಮ ಎಂಬ ಪಿಶಾಚಿಗಳಿವೆ. ಅವನ್ನು ಕೊಲ್ಲಲು ಅವುಗಳ ರಕ್ತಮಾಂಸವನ್ನೇ ಮೈಗೆ ಸೇರಿಸಿ ತಯಾರು ಮಾಡಿದ ಹೆಣ್ಣುಮಕ್ಕಳಿದ್ದಾರೆ. ಬೆಳ್ಳಿಯ ಕಣ್ಣು, ಬೆನ್ನಿಗೆ ಆಳುದ್ದದ ಕತ್ತಿ. ಒಟ್ಟು 47 ಸೀಮೆ, ಸೀಮೆಗೊಬ್ಬಳು, ಅವರವರ ಶಕ್ತಿಗೆ ತಕ್ಕ ನಂಬರ್. ಒಳಗಿರುವ ಪಿಶಾಚಿಯ ಶಕ್ತಿಯನ್ನು ಶೇ. 10ರಷ್ಟು ಹೊರಬಿಟ್ಟರೆ ಕಣ್ಣಿನ ಬಣ್ಣ ತಿರುಗುತ್ತದೆ, 30ಕ್ಕೆ ಮುಖ ವಿಕಾರವಾಗುತ್ತದೆ, 50ಕ್ಕೆ ಮೈಯ ಆಕಾರವೇ ಕೆಡುತ್ತದೆ. 80 ದಾಟಿದರೆ ಮುಗಿಯಿತು, ಅವಳೇ ಪಿಶಾಚಿ. ಆ ಗಡಿ ಹತ್ತಿರ ಬಂತೆಂದು ಗೊತ್ತಾದಾಗ ಕತ್ತಿಯ ಹಿಡಿಯೊಳಗೆ ಇಟ್ಟುಕೊಂಡಿರುವ ಕಪ್ಪು ಕಾರ್ಡನ್ನು ತನಗೆ ಬೇಕಾದ ಒಬ್ಬಳಿಗೆ ಕಳಿಸುತ್ತಾಳೆ. ನಾನಿನ್ನೂ ಮನುಷ್ಯಳಾಗಿರುವಾಗಲೇ ಬಾ, ಬಂದು ಕೊಂದುಬಿಡು ಎಂದು. ಕಥೆಯ ಶುರುವಿನಲ್ಲೇ ಎಲೆನಾ ಎಂಬವಳ ಕಾರ್ಡ್ ಕ್ಲೇರ್‌ಗೆ ಬರುತ್ತದೆ. ಮೈ ಬದಲಾಗುವ ನೋವು ತಡೆಯಲಾರದೆ ರಾತ್ರಿ ಹೊತ್ತು ಒಬ್ಬರನ್ನೊಬ್ಬರು ತಬ್ಬಿಕೊಂಡು ಮಲಗುತ್ತಿದ್ದ ಹುಡುಗಿಯರು ಇವರು. ಕ್ಲೇರ್ ಹೋಗುತ್ತಾಳೆ, ಕೆಲಸ ಮುಗಿಸುತ್ತಾಳೆ.

ಇದರ 27 ಸಂಪುಟಗಳನ್ನು ಅಕ್ಕನ ಮಗಳು ಹಾಸ್ಟೆಲಿನಲ್ಲಿ ಜಾಗವಿಲ್ಲ ಅಂತ ನಮ್ಮನೆಗೆ ತಂದು ಹಾಕಿದ್ದು. ಸ್ವಂತ ಮನೆಗೆ ಒಯ್ಯುವಂತಿಲ್ಲ. ನಮ್ಮಕ್ಕ ಇವನ್ನೆಲ್ಲ "ಬೊಂಬೆ ಪುಸ್ತಕ" ಅನ್ನುತ್ತಾಳೆ, ಹತ್ತೊಂಬತ್ತು ವರ್ಷದ ಮಗಳು ಬೊಂಬೆ ಪುಸ್ತಕ ಓದುವುದು ಅವಳಿಗೆ ಅವಮಾನ. ನಮ್ಮಕ್ಕ ಜೀವಮಾನದಲ್ಲಿ ಯಾವ ಪುಸ್ತಕವನ್ನೂ ಪೂರ್ತಿ ಓದಿದವಳಲ್ಲ, ಅದು ಬೇರೆ ವಿಷಯ. ಮಂಚದ ಕೆಳಗಿನ ಪೆಟ್ಟಿಗೆಯಿಂದ ನಾನು ಒಂದೊಂದೇ ತೆಗೆದು ಓದತೊಡಗಿದೆ. ಮೊದಲ ದಿನ ಎಡದಿಂದ ಓದಿ ಏನೂ ಅರ್ಥವಾಗದೆ ಕಕ್ಕಾಬಿಕ್ಕಿಯಾದೆ. ಬಲದಿಂದ ಎಡಕ್ಕೆ ಓದಬೇಕಂತೆ.

ಎಲ್ಲರಿಗೂ ಕ್ಲೇರ್ ಮೇಲೆ ಪ್ರೀತಿ, ಕಥಾನಾಯಕಿ. ನನಗೆ ಹಿಡಿಸಿದ್ದು 22ನೇ ನಂಬರಿನ ಹೆಲೆನ್ ಮತ್ತು 15ನೇ ನಂಬರಿನ ಡೆನೆವ್. ಹೆಲೆನ್ ಬಾಯಿಬಡುಕಿ, ತಿಂಡಿಪೋತಿ. ಈ ಹೆಂಗಸರಿಗೆ ಊಟವೇ ಹೆಚ್ಚು ಬೇಡ, ಆದರೂ ಇವಳು ಏನಾದರೂ ಅಗಿಯುತ್ತಿರಬೇಕು. ಯುದ್ಧದಲ್ಲಿ ತೋಳನ್ನು ರಬ್ಬರಿನಂತೆ ಚಾಚುತ್ತಾಳೆ. ಕ್ಲೇರ್ 47ನೇ ನಂಬರಿನವಳು ಅಂತ ಮೊದಲ ಭೇಟಿಯಲ್ಲೇ ಕಾಲೆಳೆಯುತ್ತಾಳೆ. ಡೆನೆವ್ ತುಟಿ ಬಿಚ್ಚುವುದೇ ಅಪರೂಪ. ಒಬ್ಬಳು ಎಲ್ಲಿ ಕಂಡರೆ ಪಕ್ಕದಲ್ಲಿ ಇನ್ನೊಬ್ಬಳು. ಇವರಿಬ್ಬರ ಬಗ್ಗೆ ಯಾಗಿ ದೊಡ್ಡ ಭಾಷಣವನ್ನೇನೂ ಬರೆದಿಲ್ಲ, ಅದಕ್ಕೇ ಇಷ್ಟ. ಹೆಲೆನ್ ಮುನ್ನುಗ್ಗುವಾಗ ಡೆನೆವ್ ಎಲ್ಲಿ ನಿಂತಿದ್ದಾಳೆ ನೋಡಿ, ಸಾಕು.

"ಅಕ್ಕತಂಗಿಯರ ಹಾಗಿದ್ದಾರೆ ಅಲ್ವಾ" ಅಂತ ನಾನೊಮ್ಮೆ ಅಂದಿದ್ದಕ್ಕೆ ಹುಡುಗಿ ರೇಗಿದ್ದಳು. "ಎಲ್ಲದಕ್ಕೂ ನಿಮಗೆ ಮನೆ ಸಂಬಂಧದ ಹೆಸರೇ ಬೇಕು. ನೀನೂ ಅಮ್ಮನೂ ಅಕ್ಕತಂಗಿಯರೇ. ಅಮ್ಮ ನಿನಗೆ ಹೀಗಿದ್ದಾಳಾ?" ಮಾತು ನಿಜ. ಅಕ್ಕ ಓದುವ ಭಯವಿಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಡೆನೆವ್‌ಳ ಹಿಂದಿನ ಕಥೆ ಪಿಯೆಟಾ ಎಂಬ ಊರಿನಲ್ಲಿ ಬರುತ್ತದೆ. ಉತ್ತರದ ಹಿಮದಲ್ಲಿರುವ ಆ ಊರಿಗೆ 24 ಜನರನ್ನು ಸಾಯಲೆಂದೇ ಕಳಿಸಿರುತ್ತಾರೆ. ಅವರಲ್ಲೊಬ್ಬಳು ಅಂಡೀನ್. ಪೈಲ್ವಾನರ ಮೈ, ಎರಡು ಕತ್ತಿ, ಎಲ್ಲರ ಮೇಲೂ ದರ್ಪ. ಒಂದು ರಾತ್ರಿ ಡೆನೆವ್‌ಗೆ ಅವಳು ಒಂಟಿಯಾಗಿ ಸಿಗುತ್ತಾಳೆ. ಆಗ ಗೊತ್ತಾಗುತ್ತದೆ, ಆ ಮಾಂಸಖಂಡವೆಲ್ಲ ಪಿಶಾಚಿಯ ಶಕ್ತಿಯಿಂದ ಉಬ್ಬಿಸಿಕೊಂಡದ್ದು, ನಿಜಕ್ಕೂ ಸಣ್ಣ ಕಟ್ಟಿನವಳು. ಎರಡನೆಯ ಕತ್ತಿ ಸತ್ತ ಗೆಳತಿಯದು. ಇವರಲ್ಲಿ ಸತ್ತವಳ ಕತ್ತಿಯನ್ನೇ ನೆಲಕ್ಕೆ ನೆಟ್ಟು ಗೋರಿ ಮಾಡುತ್ತಾರೆ. ಅಂದರೆ ಅಂಡೀನ್ ಬೆನ್ನಿಗೆ ಕಟ್ಟಿಕೊಂಡು ತಿರುಗುತ್ತಿದ್ದುದು ಗೆಳತಿಯ ಗೋರಿಯನ್ನು. ಅದಕ್ಕೆ ಬದಲಾಗಿ ಡೆನೆವ್ ತನ್ನದನ್ನು ಹೇಳಿಕೊಳ್ಳುತ್ತಾಳೆ. ಮನೆಯವರನ್ನು ಯೋಮ ಕೊಂದಾಗ ಅಕ್ಕ ಇವಳನ್ನು ಉಳಿಸಿ ತಾನು ಸತ್ತಳು. ಸೇಡಿಗಾಗಿಯೇ ಈ ಮೈ ಪಡೆದೆ ಅಂದುಕೊಂಡಿದ್ದಳು. ಆದರೆ ಮೈ ಬೇರೆಯದನ್ನೇ ಹೇಳಿತು. ಸೇಡು ಬೇಕಾದವಳ ಮೈ ಹೊಡೆಯುವ ಕಡೆಗೆ ತಿರುಗುತ್ತದೆ, ಬದುಕಬೇಕು ಅಂದವಳದು ಗಾಯ ಮಾಯಿಸಿಕೊಳ್ಳುವ ಕಡೆಗೆ. ಡೆನೆವ್‌ಗೆ ಬಂದದ್ದು ಕಡಿದ ಕೈಕಾಲನ್ನೂ ಮತ್ತೆ ಬೆಳೆಸಿಕೊಳ್ಳುವ ಶಕ್ತಿ. ಅಕ್ಕ ಸಾಯುತ್ತಿದ್ದಾಗ ಇವಳ ಜೀವ ಕೇಳಿಕೊಂಡದ್ದು ಸೇಡನ್ನಲ್ಲ, ತನ್ನ ಉಳಿವನ್ನು.

ಆ ಪುಟದಲ್ಲಿ ಪುಸ್ತಕ ಮಡಿಸಿ ಅಡುಗೆಮನೆಗೆ ಹೋಗಿ ನೀರು ಕುಡಿದೆ. ಯಾಕೆಂದರೆ ನನ್ನ ಮೈಯೂ ಒಂದು ಸಲ ಹಾಗೆ ಮಾತಾಡಿದೆ.

'ಕ್ಲೇಮೋರ್' ಜಪಾನಿನ ಮಾಸಪತ್ರಿಕೆಯಲ್ಲಿ ಶುರುವಾದದ್ದು 2001ರಲ್ಲಂತೆ. ಅದೇ ವರ್ಷ ನಾನು ಡಿಗ್ರಿ ಎರಡನೇ ವರ್ಷ, ಕಾಲೇಜಿನ ಕಬಡ್ಡಿ ಟೀಮಿನಲ್ಲಿ ಲೆಫ್ಟ್ ಇನ್. ನನ್ನ ಎಡಕ್ಕೆ, ಗೆರೆಯ ಮೂಲೆಯಲ್ಲಿ, ಲೆಫ್ಟ್ ಕಾರ್ನರ್ ಅವಳು. ಹೆಸರು ಬೇಡ, ಕಾರ್ನರ್ ಅಂತಲೇ ಕರೆಯುತ್ತೇನೆ, ಆಗಲೂ ಹಾಗೇ ಕರೆಯುತ್ತಿದ್ದದ್ದು. ಕಾರ್ನರ್ ಮತ್ತು ಇನ್ ಕೈ ಹಿಡಿದುಕೊಂಡು ಆಡಬೇಕು. ರೈಡರ್ ಆ ಕಡೆ ಸರಿದರೆ ನಾವಿಬ್ಬರೂ ಬೀಸಿದ ಬಲೆಯಂತೆ ಸುತ್ತಿಕೊಳ್ಳಬೇಕು. ಅವಳು ಕಣಕಾಲಿಗೆ ಬಿದ್ದರೆ ನಾನು ಸೊಂಟಕ್ಕೆ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ, ಕಣ್ಣು ರೈಡರ್ ಮೇಲೆ. ಮಾತೆಲ್ಲ ಅಂಗೈಯಲ್ಲಿ. ಒಂದು ಸಲ ಒತ್ತಿದರೆ ತಡೆ, ಬೆರಳು ಎಳೆದರೆ ಈಗ. ಅವಳ ಅಂಗೈಯಲ್ಲಿ ಹುಲ್ಲು ಕೊಯ್ದು ಕೊಯ್ದು ಕುಡುಗೋಲಿನ ಜಡ್ಡು ಕಟ್ಟಿತ್ತು. ಇಪ್ಪತ್ತು ವರ್ಷ ಕಳೆದರೂ ಆ ಜಡ್ಡು ಯಾವ ಬೆರಳಿನ ಬುಡದಲ್ಲಿತ್ತೆಂದು ಹೇಳಬಲ್ಲೆ. ತಾಳಿ ಕಟ್ಟಿದವರ ಅಂಗೈ ಹೇಗಿದೆ ಅಂತ ಕೇಳಿದರೆ ಒಳಗೆ ಹೋಗಿ ನೋಡಿಕೊಂಡು ಬರಬೇಕು.

ಕೋಚ್ ಹೊಸ ಹುಡುಗಿಯರನ್ನು "ನಿನ್ನ ಕೈ ಯಾರು?" ಎಂದು ಕೇಳುತ್ತಿದ್ದರು. ಕೈ ಹಿಡಿಯುವವಳು ಯಾರು ಅಂತ. ಆ ಸಂಬಂಧಕ್ಕೆ ನಮ್ಮಲ್ಲಿದ್ದ ಹೆಸರು ಅದೊಂದೇ. ಒಳ್ಳೆಯ ಮನುಷ್ಯ. ಬೈಗುಳ ಮಾತ್ರ ಬರೆಯುವ ಹಾಗಿಲ್ಲ.

ಅಂತರ ಕಾಲೇಜು ಪಂದ್ಯ, ಸೆಮಿಫೈನಲ್. ಎದುರಿನ ರೈಡರ್ ಗಟ್ಟಿ ಹುಡುಗಿ, ಅದಾಗಲೇ ನಮ್ಮ ಕವರ್ ಜಾಗದ ಒಬ್ಬಳನ್ನು ಗುದ್ದಿ ಹೊರಗೆ ಹಾಕಿದ್ದಳು. ಕಾರ್ನರ್ ಕಣಕಾಲಿಗೆ ಬಿದ್ದಳು, ಹಿಡಿತ ಸರಿಯಾಗಿ ಕೂತಿತು. ಬೆರಳು ಎಳೆದಳು. ಈಗ. ಆ ಹುಡುಗಿಯ ಮೊಣಕೈ ನನ್ನ ಮುಖಕ್ಕೆ ಬರುತ್ತಿರುವುದು ಕಂಡಿತು. ನಾನು ಸೊಂಟಕ್ಕೆ ಹೋಗಲಿಲ್ಲ. ಕೈ ಬಿಟ್ಟೆ. ಬಿಡಬೇಕು ಅಂತ ಬಿಟ್ಟದ್ದಲ್ಲ, ಕೈ ತಾನೇ ಬಿಟ್ಟಿತು. ರೈಡರ್ ತಿರುಗಿದಳು, ಕಾಲಿಗೆ ಅಂಟಿಕೊಂಡಿದ್ದ ಕಾರ್ನರ್‌ಳ ಮಂಡಿ ಅವಳ ಮೈಭಾರದ ಕೆಳಗೆ ತಿರುಚಿತು. ಸದ್ದು ಕೇಳಿಸಿತು. ಹಸಿ ಕಬ್ಬು ಮುರಿದ ಸದ್ದು.

ಅವಳು ಮತ್ತೆ ಆಡಲಿಲ್ಲ. ಮುಂದಿನ ವರ್ಷ ಮದುವೆಯಾಗಿ ತುಮಕೂರು ಕಡೆಗೆ ಹೋದಳು. ನನ್ನ ಮೂಗು ಇವತ್ತಿಗೂ ನೆಟ್ಟಗಿದೆ. ಹಬ್ಬಕ್ಕೆ ವಾಟ್ಸಾಪಿನಲ್ಲಿ ದೀಪದ ಚಿತ್ರ ಕಳಿಸಿಕೊಳ್ಳುವಷ್ಟು ಸಂಬಂಧ ಉಳಿದಿತ್ತು. ಆ ದಿನದ ಮಾತು ಒಮ್ಮೆಯೂ ಬಂದಿರಲಿಲ್ಲ.

ಒಂದು ವಿಷಯ ನನ್ನನ್ನು ಈ ವಾರ ಇನ್ನೂ ಕಾಡಿದೆ. ನಮ್ಮಲ್ಲಿ ಗಂಡಸರ ಜೋಡಿಗೆ ಬರವಿಲ್ಲ, ಕರ್ಣ ದುರ್ಯೋಧನರ ಸ್ನೇಹ ಹೇಳುತ್ತಾ ಮುದುಕರು ಈಗಲೂ ಕಣ್ಣೊರೆಸಿಕೊಳ್ಳುತ್ತಾರೆ. ಕಾದಾಡಿದ ಹೆಂಗಸರು ಮಾತ್ರ ಯಾವಾಗಲೂ ಒಂಟಿ. ಚಿತ್ರದುರ್ಗದ ಕಿಂಡಿಯ ಮುಂದೆ ಓಬವ್ವ ಒಬ್ಬಳೇ. ಒನಕೆಯಲ್ಲಿ ಹೊಡೆದವಳೂ ಅವಳೇ, ಹೆಣ ಎಳೆದು ಪಕ್ಕಕ್ಕೆ ಹಾಕಿದವಳೂ ಅವಳೇ. ಚಿಕ್ಕವಳಿದ್ದಾಗ ಅದನ್ನು ಕೇಳಿ ಮೈ ನವಿರೇಳುತ್ತಿತ್ತು. ಈಗ ಸುಸ್ತಾಗುತ್ತದೆ. ನೆರೆಮನೆಯವಳೊಬ್ಬಳು ನೀರಿಗೆ ಬಂದಿದ್ದರೆ, ಹೆಣ ಎಳೆಯುವುದಕ್ಕಾದರೂ ಒಂದು ಕೈ ಆಗುತ್ತಿತ್ತು. ಕಥೆ ಕಟ್ಟಿದವರಿಗೆ ಆ ಇನ್ನೊಬ್ಬಳು ಬೇಕಾಗಿರಲಿಲ್ಲವೇನೋ. ಇಬ್ಬರು ಹೆಂಗಸರು ಒಂದು ಕಡೆ ಸೇರಿದರೆ ಅದು ಜಗಳ ಅಥವಾ ಚಾಡಿ ಅಂತಲೇ ನಮ್ಮ ಧಾರಾವಾಹಿಗಳೂ ಇವತ್ತಿನವರೆಗೆ ನಂಬಿಕೊಂಡು ಬಂದಿವೆ. ಹುಡುಗರ ಮಾಂಗಾ ಪತ್ರಿಕೆಗೆ ಬರೆದ ಒಬ್ಬ ಗಂಡಸು, ಒಂದು ಪಡೆಗೆ ಪಡೆಯನ್ನೇ ಹೆಂಗಸರಿಂದ ತುಂಬಿ, ಒಬ್ಬರಿಗೊಬ್ಬರ ಬೆನ್ನು ಕಾಯಲು ಬಿಟ್ಟಿದ್ದಾನೆ.

ಹಾಗಂತ ಯಾಗಿ ಎಲ್ಲರಿಗೂ ಕರುಣೆ ತೋರಿಸುವುದಿಲ್ಲ. 6ನೇ ನಂಬರಿನ ಮಿರಿಯಾ ಒಂದು ಪಿಶಾಚಿಯನ್ನು ಕೊಂದ ಮೇಲೆ ಅದು ತನ್ನ ಗೆಳತಿ ಹಿಲ್ಡಾ ಆಗಿದ್ದಳೆಂದು ತಿಳಿಯುತ್ತದೆ. ಪಿಯೆಟಾದಲ್ಲಿ 24 ಜನರಲ್ಲಿ ಉಳಿಯುವವರು ಏಳೇ ಮಂದಿ. ಅಂಡೀನ್ ಸಾಯುತ್ತಾಳೆ. ಏಳು ವರ್ಷ ಕಳೆದು ಮತ್ತೆ ಕಾಣಿಸಿಕೊಂಡಾಗ ಡೆನೆವ್ ಬೆನ್ನ ಮೇಲೆ ಎರಡು ಕತ್ತಿ. ಪಕ್ಕದಲ್ಲಿ ಹೆಲೆನ್, ಅದೇ ಬಾಯಿ.

ಬುಧವಾರ ಮಧ್ಯಾಹ್ನ ಕಾರ್ನರ್‌ಗೆ ಫೋನ್ ಮಾಡಿದೆ. ಊಟದ ವಿರಾಮ, ಆಫೀಸಿನ ಹಿಂದಿನ ಸ್ಕೂಟರ್ ಸ್ಟ್ಯಾಂಡಿನಲ್ಲಿ ನಿಂತು. ಅವಳಿಗೆ ಗಾಬರಿ. "ಏನೇ, ಯಾರಿಗೇನಾಯ್ತು?" ಯಾರಿಗೂ ಏನೂ ಆಗಿಲ್ಲ ಅಂದೆ. ಮಂಡಿ ಕೇಳಿದೆ, ಮಳೆಗಾಲದಲ್ಲಿ ಹಿಡಿದುಕೊಳ್ಳುತ್ತೆ ಅಂದಳು. ಎರಡು ಹಸು ಕೊಟ್ಟುಬಿಟ್ಟಳಂತೆ, ಕೂತು ಹಾಲು ಕರೆಯೋಕಾಗಲ್ಲ ಅಂತ. ಆಮೇಲೆ ನಾನು, ತೀರಾ ಪೆದ್ದಿಯ ಹಾಗೆ, ಜಪಾನಿನ ಪಿಶಾಚಿ, ಬೆಳ್ಳಿ ಕಣ್ಣು, ಎರಡು ಕತ್ತಿ, ಎಲ್ಲ ಹೇಳಿದೆ. ಅವಳು ಹೂಂ ಹೂಂ ಅನ್ನುತ್ತಿದ್ದಳು, ಹಿಂದೆ ಪಾತ್ರೆಯ ಸದ್ದು. ಕೊನೆಗೆ ಕೇಳಿಯೇಬಿಟ್ಟೆ.

"ಅವತ್ತು ಸೆಮಿಫೈನಲ್‌ನಲ್ಲಿ ನಾನು ಕೈ ಬಿಟ್ಟೆ ಕಣೇ. ಗೊತ್ತಾ ನಿಂಗೆ?"

"ಗೊತ್ತಿಲ್ದೆ ಏನು. ನನ್ ಕೈಯಲ್ವಾ ಅದು."

ಸುಮ್ಮನೆ ನಿಂತೆ. ಪರವಾಗಿಲ್ಲ ಬಿಡು ಅಂತಾಳೆ ಅಂತ ಕಾದೆ ಅನ್ನಿಸುತ್ತೆ, ನಾಚಿಕೆಯಾಗುತ್ತದೆ ಬರೆಯಲು. ಅವಳು ಅನ್ನಲಿಲ್ಲ. "ಹಾಲು ಉಕ್ತಾ ಇದೆ, ಇಡ್ತೀನಿ" ಅಂದು ಇಟ್ಟಳು.

ಬುಧವಾರ ರಾತ್ರಿ ಊಟ ಸೇರಲಿಲ್ಲ. ಮನೆಯವರು "ಆಫೀಸಲ್ಲಿ ಏನಾದ್ರೂ ಆಯ್ತಾ?" ಅಂತ ಕೇಳಿದರು, ಇಲ್ಲ ಅಂದಿದ್ದಕ್ಕೆ ಸಮಾಧಾನಪಟ್ಟು ಇನ್ನೊಂದು ಚಪಾತಿ ಹಾಕಿಸಿಕೊಂಡರು.

ನೆನ್ನೆ ಸಂಜೆ ಏಳಕ್ಕೆ ಅವಳದೇ ಫೋನ್. ಹಲೋ ಇಲ್ಲ, ಏನಿಲ್ಲ.

"ಆ ಎರಡು ಕತ್ತಿಯವಳು ಕೊನೇಲಿ ಉಳೀತಾಳಾ?"

"ಉಳೀತಾಳೆ."

"ಇನ್ನೊಬ್ಬಳು? ಆ ತಿಂಡಿಪೋತಿ?"

"ಅವಳೂ."

ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ನನ್ ಮಗ ಭಾನುವಾರ ಮೈಸೂರಿಗೆ ಬರ್ತಾವ್ನೆ. ಅವನ ಕೈಲಿ ಕೊಟ್ಟು ಕಳಿಸು" ಅಂದಳು.

"ಇಂಗ್ಲಿಷಲ್ಲಿದೆ ಕಣೇ."

"ಬೊಂಬೆ ಇದಾವಲ್ಲ."

"ಬಲಗಡೆಯಿಂದ ಓದ್ಬೇಕು."

"ನೀನು ಯಾವತ್ತೇ ನನ್ನ ಎಡಗಡೆ ನಿಂತಿದ್ದು" ಅಂದಳು. "27ನ್ನೂ ಒಟ್ಟಿಗೆ ಕಳಿಸ್ಬೇಡ, ಅವನು ಬಸ್ಸಲ್ಲಿ ಬರೋದು."